ಮೈಸೂರಿನಲ್ಲಿದ್ದುಕೊಂಡೇ ಅಮ್ಮನ ಪಾತ್ರ ಮಾಡಿ ಬದುಕಬಹುದಾ?

ಪ್ರಶ್ನೆ ಹೆಚ್ಚುಕಡಿಮೆ ಹೀಗೇ ಇರುತ್ತದೆ: "ವಯಸ್ಸು ನಲವತ್ತು ದಾಟಿದೆ, ಹವ್ಯಾಸಿ ನಾಟಕ ಮಾಡಿ ಅಭ್ಯಾಸ ಇದೆ, ಮನೆ ಮೈಸೂರಿನಲ್ಲಿ. ಧಾರಾವಾಹಿ, ಸಿನಿಮಾಗಳಲ್ಲಿ ಅಮ್ಮ, ಅತ್ತೆ, ಪಕ್ಕದ ಮನೆಯಾಕೆ ಅಂತ ಮಾಡಿಕೊಂಡು ಜೀವನ ನಡೆಸೋಕಾಗುತ್ತಾ?" ಮಂಡ್ಯದಿಂದ ಕೇಳುವವರೂ ಇದನ್ನೇ ಕೇಳುತ್ತಾರೆ.

ಆಗುತ್ತದೆ. ಆದರೆ ಪೋಷಕ ನಟಿಯ ಕೆಲಸದಲ್ಲಿ ಮುಕ್ಕಾಲು ಪಾಲು ಬೇರೆಯವರು ಮಾತಾಡುವಾಗ ಕೇಳಿಸಿಕೊಳ್ಳುವುದು. ಇದು ಒಗ್ಗಿದವರು ಉಳಿದುಕೊಳ್ಳುತ್ತಾರೆ. ತಮಗೆಷ್ಟು ಡೈಲಾಗು ಎಂದು ಎಣಿಸುವವರು ಆರು ತಿಂಗಳಿಗೇ ಬೇಸತ್ತು ಹೋಗುತ್ತಾರೆ.

ಒಂದು ಸೀನ್ ತೆಗೆದುಕೊಳ್ಳಿ. ಅಮ್ಮ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಮಗ ಬಂದು ಕೆಲಸ ಬಿಟ್ಟ ಸುದ್ದಿ ಹೇಳುತ್ತಾನೆ. ಅಮ್ಮನಿಗಿರುವುದು ಎರಡೇ ಮಾತು. ಮೊದಲು ಇಡೀ ಸೀನನ್ನು ಒಟ್ಟಿಗೇ ಹಿಡಿಯುವ ಮಾಸ್ಟರ್ ಶಾಟ್, ಆಮೇಲೆ ಮಗನ ಭುಜದ ಹಿಂದಿನಿಂದ ಅಮ್ಮನನ್ನು ತೋರಿಸುವ ಸಜೆಷನ್ ಶಾಟ್, ಕೊನೆಗೆ ಇಬ್ಬರ ಮುಖವನ್ನೂ ಹತ್ತಿರದಿಂದ ಹಿಡಿಯುವ ಕ್ಲೋಸ್. ಲೈಟು ಬದಲಾಯಿಸುವಷ್ಟರಲ್ಲಿ ಹೊತ್ತು ಹೋಗಿರುತ್ತದೆ. ಮಾಸ್ಟರ್‌ನಲ್ಲಿ ಮಗ "ಬಿಟ್ಬಿಟ್ಟೆ" ಅಂದ ಕೂಡಲೇ ನಿಮ್ಮ ಕೈ ನಿಂತಿದ್ದರೆ, ಕ್ಲೋಸ್‌ನಲ್ಲೂ ಅದೇ ಪದಕ್ಕೆ ನಿಲ್ಲಬೇಕು. ಕಾಯಿ ಎಡಗೈಯಲ್ಲಿತ್ತೋ ಬಲಗೈಯಲ್ಲಿತ್ತೋ, ಸೆರಗು ಭುಜದ ಮೇಲಿತ್ತೋ ಸೊಂಟಕ್ಕೆ ಸಿಕ್ಕಿಸಿತ್ತೋ, ಮೊರದಲ್ಲಿ ಕಾಳು ಎಷ್ಟಿತ್ತು, ಇವೆಲ್ಲ ಹೊಂದಬೇಕು. ಹೊಂದದಿದ್ದರೆ ಎಡಿಟರ್‌ಗೆ ಎರಡು ಶಾಟ್ ಜೋಡಿಸೋಕೆ ಬರುವುದಿಲ್ಲ, ನಿಮ್ಮ ಮುಖ ತೆಗೆದು ಮಗನ ಮುಖವನ್ನೇ ಉಳಿಸುತ್ತಾರೆ. "ನನ್ನ ಕ್ಲೋಸ್ ಎಲ್ಲಾ ಹಾರಿಸಿಬಿಟ್ಟಿದ್ದಾರೆ" ಎಂಬ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೇ.

ಹಾಗಾಗಿ ಮಾಸ್ಟರ್‌ಗೆ ಮೊದಲೇ ಕೈಗೊಂದು ಕೆಲಸ, ಅದು ನಿಲ್ಲುವುದಕ್ಕೊಂದು ಪದ ಗೊತ್ತುಮಾಡಿಕೊಳ್ಳಿ. ಸುಲಿಯುವುದು, ಬೆವರೊರೆಸುವುದು, ಸೆರಗು ಸರಿಮಾಡುವುದು ಅಂತ ಐದು ಕೆಲಸ ಹಚ್ಚಿಕೊಂಡರೆ ಎರಡನೇ ಟೇಕಿಗೇ ಮರೆತುಹೋಗುತ್ತದೆ. ಶಾಟ್ ಮುಗಿದ ಮೇಲೆ ಕಂಟಿನ್ಯೂಟಿ, ಅಂದರೆ ಒಂದು ಶಾಟ್‌ಗೂ ಇನ್ನೊಂದಕ್ಕೂ ಎಲ್ಲ ಹೊಂದುತ್ತದೆಯೇ ಎಂದು ನೋಡುವ ಸಹಾಯಕರು ಫೋಟೊ ತೆಗೆಯುತ್ತಾರೆ. ನಿಮ್ಮ ಫೋನಿನಲ್ಲೂ ಒಂದಿರಲಿ: ಬೊಟ್ಟಿನ ಅಳತೆ, ಬಳೆ ಎಷ್ಟು, ತಾಳಿಸರ ಸೆರಗಿನ ಒಳಗೋ ಹೊರಗೋ. ಧಾರಾವಾಹಿಯಲ್ಲಿ ಸೀನಿನ ಉಳಿದರ್ಧ ನಾಲ್ಕು ದಿನ ಬಿಟ್ಟು ತೆಗೆಯುವುದೂ ಉಂಟು. ಉಟ್ಟ ಸೀರೆ ಒಗೆಯಲು ಹಾಕುವ ಮುಂಚೆ ಒಂದು ಮಾತು ಕೇಳಿ. ಪೋಷಕ ಪಾತ್ರಕ್ಕೆ ಎಷ್ಟೋ ಕಡೆ ಸೀರೆ ನಮ್ಮದೇ. ಅಚ್ಚ ಬಿಳಿ, ಸಣ್ಣ ಚೌಕಳಿ, ಹೊಳೆಯುವ ಜರಿ ಬೇಡ. ಬಿಳಿ ಬೆಳಕನ್ನು ಮುಖಕ್ಕೆ ಎರಚುತ್ತದೆ, ಸಣ್ಣ ಚೌಕಳಿ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ನಡುಗುತ್ತದೆ.

ರಂಗಭೂಮಿಯಿಂದ ಬಂದವರು ಎಡವುವುದು ದನಿಯಲ್ಲಿ. ಕಲಾಮಂದಿರದ ಕೊನೇ ಸಾಲಿಗೆ ಮುಟ್ಟುವ ದನಿ ಎದೆಗೆ ಸಿಕ್ಕಿಸಿದ ಮೈಕಿಗೆ ಕಿರುಚಾಟ. ಡೈಲಾಗು ಬರೆದ ಸೀನ್ ಪೇಪರ್ ಎಷ್ಟೋ ಸಲ ಬೆಳಿಗ್ಗೆ ಸೆಟ್‌ನಲ್ಲೇ ಕೈಸೇರುತ್ತದೆ, ಹಲವು ಕಡೆ ಕ್ಯಾಮೆರಾದಾಚೆ ನಿಂತು ಸಾಲು ಹೇಳಿಕೊಡುವ ಪ್ರಾಂಪ್ಟಿಂಗ್ ಇರುತ್ತದೆ. ಪ್ರಾಂಪ್ಟರ್ ಸಾಲು ಮುಗಿಸುವ ಮೊದಲೇ ಬಾಯಿ ಹಾಕಿದರೆ ಎರಡು ದನಿ ಮೇಲೆ ಮೇಲೆ ಬಿದ್ದು ಸೌಂಡ್ ಕೆಡುತ್ತದೆ. ಕಾಯುವ ಆ ಅರೆಗಳಿಗೆಯಲ್ಲಿ ಕಣ್ಣು ಎದುರಿನ ನಟನ ಮೇಲೇ ಇರಬೇಕು. ಪ್ರಾಂಪ್ಟರ್ ಕಡೆ ಹೊರಳಿದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಹಾಗಂತ ನಾಟಕ ಬಿಡಬೇಡಿ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ರಂಗಾಯಣ, ಮಂಡ್ಯ ರಮೇಶ್ ಅವರ 'ನಟನ', ಇಂಥ ನಾಟಕ ಸಂಸ್ಥೆಗಳು ಮನೆಯ ಹತ್ತಿರವೇ ಇರುವುದು ಮೈಸೂರಿನವರ ಪುಣ್ಯ. ಎದುರಿನವರ ಮಾತು ಕೇಳಿಸಿಕೊಂಡು ನಿಲ್ಲುವುದನ್ನು ಕಲಿಯೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಉಮಾಶ್ರೀ ರಂಗಭೂಮಿಯಿಂದಲೇ ಬಂದವರು. 'ಗುಲಾಬಿ ಟಾಕೀಸ್'ಗೆ ರಾಷ್ಟ್ರ ಪ್ರಶಸ್ತಿ ಪಡೆಯುವ ಮೊದಲು ವರ್ಷಗಟ್ಟಲೆ ಹಾಸ್ಯದ, ಪೋಷಕ ಪಾತ್ರಗಳಲ್ಲಿ ದುಡಿದವರು.

ಇಲ್ಲಿನವರ ದೊಡ್ಡ ಆಸ್ತಿ ಭಾಷೆ. ಸೀನ್ ಪೇಪರಿನಲ್ಲಿ 'ಹಳ್ಳಿ ಭಾಷೆ' ಅಂತ ಬರುವುದು ಯಾವ ಊರಿನದೂ ಆಗಿರುವುದಿಲ್ಲ. ಮದ್ದೂರಿನ ಕಡೆ ತಾಯಿ ಮಗನಿಗೆ "ಕಣ್ಲಾ" ಅಂದರೆ ಮಗಳಿಗೆ "ಕಣಮ್ಮಿ" ಅಂತಾಳೆ. "ಓಯ್ತೀನಿ", "ಬತ್ತೀನಿ", "ಬುಡು" ಅನ್ನುವ ಅದೇ ಹೆಂಗಸು ಬ್ಯಾಂಕ್ ಮ್ಯಾನೇಜರ್ ಎದುರು ಹಕಾರ ಹುಡುಕಿ ಹುಡುಕಿ ಮಾತಾಡುತ್ತಾಳೆ. ಎಲ್ಲ ಸಾಲಿಗೂ ಒಂದೇ ಬಣ್ಣ ಬಳಿಯದೆ ಈ ವ್ಯತ್ಯಾಸ ತಂದರೆ ಎರಡೇ ಮಾತಿನ ಪಾತ್ರವೂ ನೆನಪಿನಲ್ಲಿ ಉಳಿಯುತ್ತದೆ. ಆದರೆ ನಿರ್ದೇಶಕರಿಗೆ ರಿಹರ್ಸಲ್‌ನಲ್ಲೇ ಹೇಳಿ ಒಪ್ಪಿಸಿ, ಟೇಕಿನಲ್ಲಿ ಪದ ಬದಲಾಯಿಸಬೇಡಿ. ಎದುರಿನವರು ತಮ್ಮ ಮಾತು ಶುರುಮಾಡುವುದು ನಿಮ್ಮ ಕೊನೇ ಪದ ಕೇಳಿಸಿಕೊಂಡೇ.

ಪ್ರವೇಶಕ್ಕೆ ದುಬಾರಿ ಆಲ್ಬಮ್ ಬೇಕಿಲ್ಲ. ಮೇಕಪ್ ಇಲ್ಲದೆ ಕಾಟನ್ ಸೀರೆಯಲ್ಲಿ ಎದುರಿಂದ, ಪಕ್ಕದಿಂದ, ಪೂರ್ತಿ ನಿಂತು, ಹೀಗೆ ಮೂರು ಫೋಟೊ. ಜೊತೆಗೆ ಒಂದು ನಿಮಿಷದ ವಿಡಿಯೊ: ಕಿಟಕಿಯ ಬೆಳಕು ಮುಖದ ಮೇಲೆ, ಹಿಂದೆ ಖಾಲಿ ಗೋಡೆ, ಫೋನು ಅಡ್ಡಲಾಗಿ ಕಣ್ಣಿನ ಮಟ್ಟಕ್ಕೆ. ಹೆಸರು, ಎತ್ತರ, ಯಾವ ಯಾವ ಭಾಷೆ, ತಿಂಗಳಿಗೆ ಎಷ್ಟು ದಿನ ಬಿಡುವು ಹೇಳಿ. ನಂತರ ಫೋನಿನಾಚೆಯಿಂದ ಮನೆಯವರೊಬ್ಬರು ಓದುವ ಮಾತನ್ನು ನೀವು ಸುಮ್ಮನೆ ಕೇಳಿಸಿಕೊಳ್ಳುವ ಇಪ್ಪತ್ತು ಸೆಕೆಂಡ್ ಇರಲಿ. ಪಾತ್ರ ಕೊಡಿಸುತ್ತೇನೆಂದು ನೋಂದಣಿ ಶುಲ್ಕ ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಇಸಿದುಕೊಳ್ಳುವುದಿಲ್ಲ.

ವಯಸ್ಸಿನ ಬಗ್ಗೆ ಅಳುಕು ಬೇಡ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್‌ಗೆ ನಾಯಕಿಯಾಗಿದ್ದ ಪಂಡರಿಬಾಯಿ ಮುಂದೆ ಅವರಿಗೇ ತಾಯಿಯಾಗಿ ನಟಿಸಿದರು.

ಊರಿನ ಲೆಕ್ಕ ಸ್ವಲ್ಪ ಕಷ್ಟದ್ದು. ಮಂಡ್ಯ ಜಿಲ್ಲೆಯ ಮಹದೇವಪುರ, ಮೇಲುಕೋಟೆ, ಶ್ರೀರಂಗಪಟ್ಟಣಗಳಲ್ಲಿ ಚಿತ್ರೀಕರಣ ನಡೆಯುತ್ತದಾದರೂ ಧಾರಾವಾಹಿಯ ಮನೆಗಳು ಬಹುಪಾಲು ಬೆಂಗಳೂರಿನ ಸುತ್ತ. ಬೆಳಿಗ್ಗೆ ಏಳಕ್ಕೆ ಕಾಲ್‌ಶೀಟ್ ಇದ್ದರೆ ಸುಮಾರು 140 ಕಿ.ಮೀ. ದೂರವನ್ನು ಹಿಂದಿನ ರಾತ್ರಿಯೇ ದಾಟಿರಬೇಕು. ಉಳಿಯಲು ಜಾಗ, ಹೋಗಿಬರುವ ಖರ್ಚು ಯಾರದು ಅಂತ ಸಂಭಾವನೆ ಮಾತಾಡುವಾಗಲೇ ಕೇಳಿ. ಆಮೇಲೆ ಕೇಳಿದರೆ "ಎಲ್ಲ ಸೇರಿಸೇ ಹೇಳಿದ್ದು" ಅನ್ನುವ ಉತ್ತರ ಬರುತ್ತದೆ. ಡೇಟು ನಿಮ್ಮೊಬ್ಬರದಲ್ಲ, ನಾಯಕಿ ಇರುವ ದಿನಕ್ಕೇ ನೀವೂ ಬೇಕು. ಇದಕ್ಕೆ ಕಾಂಬಿನೇಷನ್ ಅನ್ನುತ್ತಾರೆ. ಎರಡು ಧಾರಾವಾಹಿ ಒಪ್ಪಿಕೊಂಡವರು ಡೇಟು ತಪ್ಪಿಸಿದರೆ ಕಥೆಯಲ್ಲಿ ಅಮ್ಮನನ್ನು ತೀರ್ಥಯಾತ್ರೆಗೆ ಕಳಿಸುವುದು ಬರೆಯುವವರಿಗೆ ಒಂದು ಸಾಲಿನ ಕೆಲಸ.

ಹಣ ದಿನದ ಲೆಕ್ಕ, ಬರುವುದು ಎರಡು ಮೂರು ತಿಂಗಳು ತಡವಾಗಿ. ಕಥೆಯ ಟ್ರ್ಯಾಕ್ ಬದಲಾದರೆ ಒಂದು ತಿಂಗಳು ಹನ್ನೆರಡು ದಿನ ಇದ್ದ ಕೆಲಸ ಮುಂದಿನ ತಿಂಗಳು ಮೂರಕ್ಕೆ ಇಳಿಯಬಹುದು. ಮೊದಲ ವರ್ಷ ಇದೊಂದನ್ನೇ ನೆಚ್ಚಿಕೊಳ್ಳದಿರುವುದು ಕ್ಷೇಮ. ಸಾಮಾನ್ಯವಾಗಿ ನೂರಕ್ಕೆ 10ರಂತೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕಳೆಯುವ ಆದಾಯ ತೆರಿಗೆ, ಹಿಡಿಯುತ್ತಾರೆ, ಪ್ಯಾನ್ ಕೊಡದಿದ್ದರೆ 20. ತೆರಿಗೆ ಬೀಳದಷ್ಟೇ ಆದಾಯ ಇದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಿರಿ, ಎಷ್ಟೋ ಮಂದಿ ಅದನ್ನು ಹಾಗೇ ಬಿಟ್ಟಿದ್ದಾರೆ. ವ್ಯಾನಿಟಿ ಬ್ಯಾಗಿನಲ್ಲೊಂದು ಸಣ್ಣ ನೋಟ್‌ಬುಕ್ ಇರಲಿ. ತಾರೀಖು, ಬಂದ ಹೊತ್ತು, ಪ್ಯಾಕಪ್ ಆದ ಹೊತ್ತು, ಸೀನ್ ನಂಬರ್ ಬರೆದು ಸಂಜೆಯೇ ಪ್ರೊಡಕ್ಷನ್ ಮ್ಯಾನೇಜರ್‌ಗೆ ವಾಟ್ಸಾಪ್‌ನಲ್ಲಿ ಕಳಿಸಿ. ಮೂರು ತಿಂಗಳ ಮೇಲೆ "ಆ ತಿಂಗಳು ನಿಮ್ಮದು ಏಳೇ ದಿನ ಅಲ್ವಾ ಮೇಡಂ?" ಎಂಬ ಫೋನ್ ಬಂದಾಗ ಆ ಮೆಸೇಜುಗಳನ್ನೇ ತಿರುಗಿ ಕಳಿಸಿದರೆ ಸಾಕು.