ಹ್ಯಾಮ್‌ಸ್ಟರ್ ಮರಿಗೆ ಕೋಳಿಮರಿ ಬಲ್ಬ್ ಹಾಕ್ಬೇಡಿ: ಪೆಟ್ ಶಾಪ್ ಕೆಲಸದಲ್ಲಿ ಕಲ್ತದ್ದು

ಕಾರವಾರದಲ್ಲಿ ಪೆಟ್ ಶಾಪ್ ಕೆಲಸ ನಂದು, ಅಂಗಡಿಗೆ ಬೇಕಾದ ಹ್ಯಾಮ್‌ಸ್ಟರ್, ಬಿಳಿ ಇಲಿ, ಗಿನಿ ಪಿಗ್ ಎಲ್ಲ ಮನೆ ಹಿಂದಿನ ರೂಮಲ್ಲೇ ಮರಿ ಮಾಡಿಸ್ತೇನೆ. ತಗೊಂಡು ಹೋದವ್ರು ಆಮೇಲೆ ಫೋನ್ ಮಾಡಿ ಹೇಳೋದು ಹೆಚ್ಚಾಗಿ ಎರಡೇ, ಜೋಡಿ ಬಿಟ್ರೂ ಮರಿ ಆಗ್ತಾ ಇಲ್ಲ, ಇಲ್ಲಾಂದ್ರೆ ಮರಿ ಆಯ್ತು ಆದ್ರೆ ತಾಯಿನೇ ತಿಂದು ಹಾಕ್ತು. ನಾನು ಮೊದ್ಲು ಕೇಳೋದು ಬಲ್ಬ್ ಎಂತದ್ದು ಹಾಕಿದ್ರಿ, ದಿನಕ್ಕೆ ಎಷ್ಟೊತ್ತು ಉರೀತದೆ ಅಂತ.

ನಮ್ಮ ಕಡೆ ಕೋಳಿಮರಿ ಸಾಕಿ ರೂಢಿ, ಅದಕ್ಕೆ ಮರಿ ಅಂದ ಕೂಡ್ಲೇ ಹಳದಿ ಬಲ್ಬ್ ಇಳಿಬಿಟ್ಟು ಹಗಲೂ ರಾತ್ರಿ ಉರಿಸ್ತಾರೆ. ಕೋಳಿಮರಿಗೆ ಸರಿ, ಹ್ಯಾಮ್‌ಸ್ಟರ್‌ಗೆ ಮಾತ್ರ ಎರಡು ಕಡೆಯಿಂದ ಹೊಡೆತ, ಸೆಕೆ ಜಾಸ್ತಿ ಆಗ್ತದೆ ಮತ್ತೆ ಕತ್ತಲೆ ಅನ್ನೋದೇ ಸಿಗೋದಿಲ್ಲ. ಕೂದಲಿಲ್ಲದ ಮರಿಗೆ ಬೆಚ್ಚಗೆ ಬೇಕು ಹೌದು, ಆದ್ರೆ ಅದು ತಾಯಿ ಮೈಯಿಂದ, ಗೂಡಿಂದ ಬರ್ಬೇಕು. ಶಿರಸಿ ಕಡೆ ಡಿಸೆಂಬರ್ ತಂಡಿಗೆ ಕೇಳಿದವ್ರಿಗೂ ನಾನು ಹೇಳೋದು ಇಷ್ಟೇ, "ಅಕ್ಕ, ಬಲ್ಬ್ ತೆಗೀರಿ, ವಾಸನೆ ಇಲ್ಲದ ಟಿಶ್ಯೂ ಪೇಪರ್ ಹರಿದು ಜಾಸ್ತಿ ಹಾಕಿ, ಅದೇ ಗೂಡು ಕಟ್ಕೊಳ್ತದೆ, ಮೊದಲ ಹತ್ತು ದಿನ ಕೈ ಹಾಕ್ಬೇಡಿ."

ಇನ್ನು ಜೋಡಿ ಬಿಟ್ರೂ ಮರಿ ಆಗದೇ ಇರೋದು. ಸಿರಿಯನ್ ಹ್ಯಾಮ್‌ಸ್ಟರ್‌ಗೆ ದಿನಕ್ಕೆ ಸುಮಾರು 12.5 ಗಂಟೆಗಿಂತ ಕಮ್ಮಿ ಬೆಳಕು ವಾರಗಟ್ಲೆ ಸಿಕ್ರೆ ಗಂಡಿನ ಬೀಜ ಕುಗ್ತದೆ, ಹೆಣ್ಣು ಬೆದೆಗೆ ಬರೋದೂ ನಿಲ್ತದೆ. ಕಾರವಾರದಲ್ಲಿ ಜೂನ್‌ನಲ್ಲಿ ಹಗಲು 13 ಗಂಟೆ ಹತ್ರ ಇದ್ರೆ ಡಿಸೆಂಬರ್‌ನಲ್ಲಿ ಹನ್ನೊಂದೂಕಾಲು, ಅಂದ್ರೆ ಬರೀ ಕಿಟಕಿ ಬೆಳಕು ನಂಬಿದ್ರೆ ಚಳಿಗಾಲದಲ್ಲಿ ಸಾಲೋದಿಲ್ಲ. ಅದಕ್ಕೆ ನನ್ನ ರೂಮಲ್ಲಿ ಸಣ್ಣ ಎಲ್ಇಡಿ ಒಂದಕ್ಕೆ ಟೈಮರ್ ಹಾಕಿ ಬೆಳಿಗ್ಗೆ 6ರಿಂದ ರಾತ್ರಿ 8ರ ತನಕ, 14 ಗಂಟೆ, ಉಳಿದ 10 ಗಂಟೆ ಪೂರ್ತಿ ಕತ್ತಲೆ. ಜೀರೋ ಬಲ್ಬ್ ಕೂಡ ಇಲ್ಲ. ರಾತ್ರಿ ನೋಡ್ಲೇಬೇಕಾದ್ರೆ ಮಂದ ಕೆಂಪು ಲೈಟು, ಅದು ಇವುಗಳ ಕಣ್ಣಿಗೆ ಸರಿಯಾಗಿ ಕಾಣೋದಿಲ್ಲ. ಮಳೆಗಾಲದಲ್ಲಿ ಕರೆಂಟ್ ಕೈ ಕೊಡೋದು ಇದ್ದಿದ್ದೇ, ಹಾಗಾಗಿ ಆ ಲೈಟು ಇನ್ವರ್ಟರ್ ಲೈನಲ್ಲೇ ಇರ್ಲಿ, ಟೈಮರ್‌ನ ಗಡಿಯಾರ ಹಿಂದೆ ಬಿತ್ತಾ ಅಂತ ಆಗಾಗ ನೋಡಿ. ಕೆಂಪು ಕಣ್ಣಿನ ಬಿಳಿ ಇಲಿ ಪಂಜರ ಟ್ಯೂಬ್‌ಲೈಟ್ ಹತ್ರದ ಮೇಲಿನ ತಟ್ಟಲ್ಲಿ ಇಡ್ಲೇಬೇಡಿ, ಜೋರು ಬೆಳಕಿಗೆ ಅವುಗಳ ಕಣ್ಣೇ ಹಾಳಾಗ್ತದೆ.

ಶಾಖದ ವಿಷಯ ಬಂದ್ರೆ ಇವಕ್ಕೆಲ್ಲ 20ರಿಂದ 26 ಡಿಗ್ರಿ ಒಳ್ಳೇದು, ನಮ್ಮಲ್ಲಿ ಏಪ್ರಿಲ್ ಮೇ ತಿಂಗಳು 33 ಮುಟ್ಟೋದು ಮಾಮೂಲಿ, ಆರ್‌ಸಿಸಿ ಮನೆ ಮೇಲಿನ ರೂಮಾದ್ರೆ ಇನ್ನೂ ಜಾಸ್ತಿ. ಥರ್ಮಾಮೀಟರ್ ಗೋಡೆ ಮೇಲೆ ಬೇಡ, ಪಂಜರದ ಎತ್ತರದಲ್ಲೇ ಇಡಿ, ಪ್ಲಾಸ್ಟಿಕ್ ಡಬ್ಬದ ಒಳಗೆ ರೂಮಿಗಿಂತ ಬಿಸಿ ಇರ್ತದೆ. ಇವಕ್ಕೆ ನಮ್ಮ ಹಾಗೆ ಬೆವರಿಲ್ಲ, ಬರೀ ಫ್ಯಾನ್ ಹಾಕಿದ್ರೆ ತಂಪಾಗೋದಿಲ್ಲ. ಇಲಿ ಬಾಲದಿಂದ ಸ್ವಲ್ಪ ಶಾಖ ಬಿಡ್ತದೆ, ಗಿನಿ ಪಿಗ್‌ಗೆ ಆ ಬಾಲವೂ ಇಲ್ಲ. ನೆಲದ ಮೇಲೆ ತಂಪು ಹೆಂಚಿನ ತುಂಡು, ಬಟ್ಟೆ ಸುತ್ತಿದ ಐಸ್ ಬಾಟ್ಲಿ ಪಂಜರದ ಒಂದೇ ಬದಿಗೆ, ಬೇಕಾದ್ರೆ ಹತ್ರ ಹೋಗ್ತದೆ ಇಲ್ಲಾಂದ್ರೆ ದೂರ ಕೂರ್ತದೆ.

ಮಳೆಗಾಲದಲ್ಲಿ ಶಾಖದ ತೊಂದ್ರೆ ಕಮ್ಮಿ, ಆದ್ರೆ ಪಂಜರಕ್ಕೆ ಹಾಸಿದ ಹೊಟ್ಟು ಒದ್ದೆ ಆಗಿ ಮೂತ್ರದ ಗಾಟು ಏಳ್ತದೆ, ಬೇಗ ಬೇಗ ಬದಲಿಸಿ.

ಗಿನಿ ಪಿಗ್ ಗಬ್ಬ 59ರಿಂದ 72 ದಿನ, ತುಂಬಿದ ಹೊಟ್ಟೇಲಿ ಬೇಸಿಗೆ ಬಂದ್ರೆ ತಾಯಿ ಉಳಿಯೋದೇ ಕಷ್ಟ. ಹಾಗಾಗಿ ಜನವರಿ ಮಧ್ಯದಿಂದ ಮಳೆ ಹಿಡಿಯೋ ತನಕ ಗಂಡು ಬೇರೆ, ಹೆಣ್ಣು ಬೇರೆ. ಆ ಟೈಮಲ್ಲಿ ಮರಿ ಕೇಳಿ ಬಂದವ್ರಿಗೆ ಆಗಸ್ಟ್ ಸೆಪ್ಟೆಂಬರ್‌ಗೆ ಬನ್ನಿ ಅಂತ್ಲೇ ಹೇಳ್ತೇನೆ.