ನಾಲ್ಕು ಸೆಲ್‌ನಲ್ಲಿ 200 ಕಿಲೋಮೀಟರ್: ಸ್ಪೀಡ್ ಮಾಡೆಲ್ ಕೆಲಸ ಎಲ್ಲಿಗೆ ಬಂತು

ನವೆಂಬರ್

ಸ್ಪೀಡ್ ಮಾಡೆಲ್ ಅಂದರೆ ವೇಗಕ್ಕಾಗಿಯೇ ಕಟ್ಟಿದ, ರಿಮೋಟಿನಲ್ಲಿ ಹಾರಿಸುವ ಸಣ್ಣ ವಿಮಾನ. ಈ ಸಲದ ಗುರಿ ಇಷ್ಟೇ. 850 ಮಿಲಿಮೀಟರ್ ರೆಕ್ಕೆ, ನಾಲ್ಕು ಸೆಲ್ ಲಿಪೊ ಬ್ಯಾಟರಿ, ನೆಲಕ್ಕೆ ಸಮವಾಗಿ ಹಾರುವಾಗ ಗಂಟೆಗೆ 200 ಕಿಲೋಮೀಟರ್. ಮೇಲಿಂದ ಡೈವ್ ಹೊಡೆದು ಬಂದ ವೇಗವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸ್ಪೀಡ್ ಮಾಡೆಲ್ ಅಂದ ಕೂಡಲೇ ಎಲ್ಲರೂ ಕೇಳುವುದು "ಮೋಟಾರ್ ಯಾವುದು?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಗಾಳಿಯ ಎಳೆತ ಕಡಿಮೆ ಮಾಡಬೇಕು. ಆಮೇಲೆ ಆ ವಿಮಾನಕ್ಕೆ ಒಪ್ಪುವ ಪ್ರೊಪೆಲ್ಲರ್ ಹುಡುಕಬೇಕು. ಆ ಪ್ರೊಪೆಲ್ಲರನ್ನು ತಿರುಗಿಸಲು ಎಂಥ ಮೋಟಾರ್ ಬೇಕು ಅನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ. ಕಾರಣ ಇದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ, ಬೇಕಾದ ಪವರ್ ಎಂಟು ಪಟ್ಟಾಗುತ್ತದೆ. 150ರಿಂದ 200ಕ್ಕೆ ಹೋಗುವುದು ಸಣ್ಣ ಜಿಗಿತ ಅನ್ನಿಸುತ್ತದೆ ಅಲ್ವಾ? ಅದಕ್ಕೇ ಎರಡೂಕಾಲು ಪಟ್ಟಿಗಿಂತ ಜಾಸ್ತಿ ಪವರ್ ಬೇಕು. ಸುಮ್ನೆ ದೊಡ್ಡ ಮೋಟಾರ್ ಕೂರಿಸಿದರೆ ತೂಕ ಏರುತ್ತದೆ, ಅದಕ್ಕೆ ದೊಡ್ಡ ಬ್ಯಾಟರಿ ಬೇಕಾಗುತ್ತದೆ, ಅದನ್ನು ಹಿಡಿಸಲು ಬಾಡಿ ದಪ್ಪವಾಗುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ಜರ್ಮನಿಯ ನೀಲ್ಸ್ ಹೆರ್ಬ್ರಿಶ್ 2017ರಲ್ಲಿ ಟರ್ಬೈನ್ ಮಾಡೆಲ್ ಒಂದನ್ನು 749 ಕಿಲೋಮೀಟರ್ ವೇಗದಲ್ಲಿ ಹಾರಿಸಿ ಗಿನ್ನೆಸ್ ದಾಖಲೆ ಮಾಡಿದರು. ಅದಕ್ಕಿಂತಲೂ ಜೋರಾಗಿ ಹೋಗಿರುವುದು ಮೋಟಾರೇ ಇಲ್ಲದ ಗ್ಲೈಡರ್! 2021ರಲ್ಲಿ ಸ್ಪೆನ್ಸರ್ ಲಿಸೆನ್‌ಬಿ ಕ್ಯಾಲಿಫೋರ್ನಿಯಾದ ಪಾರ್ಕರ್ ಬೆಟ್ಟದಲ್ಲಿ 882 ಕಿಲೋಮೀಟರ್ ಮುಟ್ಟಿಸಿದರು. ಬೆಟ್ಟದ ನೆತ್ತಿಯ ಮೇಲೆ ಬೀಸುವ ಗಾಳಿ, ಅದರ ಹಿಂದೆ ಮರೆಯಲ್ಲಿ ನಿಂತ ಗಾಳಿ, ಇವೆರಡರ ನಡುವೆ ಸುತ್ತು ಹಾಕುತ್ತ ಪ್ರತಿ ಸುತ್ತಿನಲ್ಲೂ ವೇಗ ಕೂಡಿಸಿಕೊಳ್ಳುವ ವಿದ್ಯೆ ಅದು. ನಯವಾದ ಮೈ, ಬಗ್ಗದ ರೆಕ್ಕೆ ಇಲ್ಲದಿದ್ದರೆ ಅದು ಸಾಧ್ಯವೇ ಇಲ್ಲ. ಹಾಗಾಗಿ ನನ್ನ ನವೆಂಬರ್ ಪೂರ್ತಿ ರೆಕ್ಕೆಗೇ ಹೋಯಿತು.

ರೆಕ್ಕೆಯ ಅಡ್ಡಸೀಳು ಆರ್‌ಜಿ15 ಎಂಬ ಹೆಸರಿನ ಆಕಾರ. ಅಗಲದ, ಅಂದರೆ ಮುಂದಂಚಿನಿಂದ ಹಿಂದಂಚಿನವರೆಗಿನ ಅಳತೆಯ, ಶೇ 8.9ರಷ್ಟು ದಪ್ಪ. ಬುಡದಲ್ಲಿ ಅಗಲ 150 ಮಿಮೀ, ತುದಿಯಲ್ಲಿ 100. ಅಂದರೆ ಬುಡದಲ್ಲೇ ದಪ್ಪ 13 ಮಿಮೀ ಚಿಲ್ಲರೆ, ತುದಿಯಲ್ಲಿ 9ಕ್ಕೂ ಸ್ವಲ್ಪ ಕಡಿಮೆ. ವಿಮಾನವನ್ನು ವಾಲಿಸುವ ರೆಕ್ಕೆಯಂಚಿನ ಪಟ್ಟಿಯನ್ನು (ಐಲೆರಾನ್) ಆಡಿಸುವ ಪುಟ್ಟ ಮೋಟಾರಿಗೆ ಸರ್ವೊ ಅನ್ನುತ್ತಾರೆ. ಮಾಮೂಲಿ ಸರ್ವೊ ಇದರೊಳಗೆ ಕೂರುವುದಿಲ್ಲ. 8 ಮಿಮೀ ದಪ್ಪದ, ಮೆಟಲ್ ಗೇರಿನ ತೆಳು ಸರ್ವೊ ತರಿಸಬೇಕಾಯಿತು.

ಒಳಗಿನ ತಿರುಳಿಗೆ ಎಕ್ಸ್‌ಪಿಎಸ್, ಅಂದರೆ ಮನೆ ತಾರಸಿಗೆ ಬಿಸಿಲು ತಡೆಯಲು ಹಾಕುವ ಗಟ್ಟಿ ಫೋಮ್ ಶೀಟ್. ಥರ್ಮಕೋಲ್‌ನಂತೆ ಕಾಳುಕಾಳಾಗಿ ಉದುರುವುದಿಲ್ಲ. ಪ್ಲೈವುಡ್ ಟೆಂಪ್ಲೇಟ್ ಎರಡೂ ಕಡೆ ಇಟ್ಟು ಬಿಸಿ ನೈಕ್ರೋಮ್ ತಂತಿಯಿಂದ ಕತ್ತರಿಸಿದೆ. ತಂತಿ ಕೆಂಪಗಾಗಬಾರದು. ಅದು ತನ್ನ ಪಾಡಿಗೆ ನಿಧಾನಕ್ಕೆ ಇಳಿಯುತ್ತ ಹೋಗಬೇಕು, ಹಿಂದೆ ಕೂದಲೆಳೆಯಂಥ ಫೋಮ್ ನೂಲು ಬರಬೇಕು. ನೂಲು ಬಂತು ಅಂದರೆ ಬಿಸಿ ಸರಿಯಾಗಿದೆ ಅಂತ ಅರ್ಥ.

ಅದರ ಮೇಲೆ ಚದರ ಮೀಟರಿಗೆ 49 ಗ್ರಾಂ ತೂಗುವ ಫೈಬರ್ ಗ್ಲಾಸ್ ಬಟ್ಟೆ, ಎರಡು ಪದರ. ಎರಡನ್ನೂ 45 ಡಿಗ್ರಿ ಓರೆಯಾಗಿ ಹಾಕಿದೆ. ರೆಕ್ಕೆ ಮೇಲಕ್ಕೆ ಕೆಳಕ್ಕೆ ಬಾಗದಂತೆ ತಡೆಯಲು ಒಳಗೆ ಕಾರ್ಬನ್ ಪಟ್ಟಿ ಇದೆ. ತಿರುಚದಂತೆ ತಡೆಯುವುದು ಮಾತ್ರ ಈ ಓರೆ ಎಳೆಗಳು. ಜೋರು ವೇಗದಲ್ಲಿ ರೆಕ್ಕೆ ಮುರಿಯುವುದಕ್ಕಿಂತ ತಿರುಚಿ ಹಾಳಾಗುವುದೇ ಜಾಸ್ತಿ. ಬಟ್ಟೆಯ ತೂಕದಷ್ಟೇ ಎಪಾಕ್ಸಿ, ಒಂದು ಗ್ರಾಂ ಹೆಚ್ಚಿಲ್ಲ. ಜಾಸ್ತಿಯಾದದ್ದನ್ನು ಟಿಶ್ಯೂ ಪೇಪರಿಂದ ಒತ್ತಿ ತೆಗೆದೆ.

ಬಟ್ಟೆ ಫೋಮ್‌ಗೆ ಬಿಗಿಯಾಗಿ ಅಂಟಲು ರೆಕ್ಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಳಗಿನ ಗಾಳಿ ಎಳೆಯಬೇಕು. ಅದರ ವ್ಯಾಕ್ಯೂಮ್ ಪಂಪ್‌ಗೆ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಹಳೇ ಫ್ರಿಜ್ಜಿನ ಕಂಪ್ರೆಸರ್. ಅದರ ಎಳೆಯುವ ಕಡೆಗೆ ಪೈಪ್ ಜೋಡಿಸಿದರೆ ಮುಗಿಯಿತು, ಚೆನ್ನಾಗಿ ಕೆಲಸ ಮಾಡುತ್ತದೆ. ಪೂರ್ತಿ ಎಳೆಯಲು ಬಿಟ್ಟರೆ ಫೋಮ್ ನುಜ್ಜಾಗುತ್ತದೆ. ಅದಕ್ಕೆ ಒಂದು ವಾಲ್ವ್ ಹಾಕಿ, ರೆಕ್ಕೆಯ ಮೇಲೆ ಬೀಳುವ ಒತ್ತಡವನ್ನು ವಾತಾವರಣದ ಮೂರರಲ್ಲೊಂದು ಭಾಗದ ಹತ್ತಿರ ನಿಲ್ಲಿಸಿದೆ. ಬಟ್ಟೆಯ ಮೇಲೆ ವ್ಯಾಕ್ಸ್ ತಿಕ್ಕಿದ ಮೈಲಾರ್, ಅಂದರೆ ನುಣುಪಾದ ಪ್ಲಾಸ್ಟಿಕ್ ಶೀಟ್. ಮಾರನೇ ದಿನ ಶೀಟ್ ಬಿಡಿಸಿದಾಗ ರೆಕ್ಕೆಯ ಮೈಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬದ ಗೆರೆ ಎಲ್ಲೂ ಮುರಿಯದೆ ಕಂಡಿತು. ತೂಕ 95 ಗ್ರಾಂ. ಎರಡೂ ತುದಿ ಹಿಡಿದು ತಿರುಚಿದರೆ ಜಗ್ಗುವುದಿಲ್ಲ. ಇಷ್ಟು ಒಳ್ಳೆಯ ರೆಕ್ಕೆ ನಾನು ಇದುವರೆಗೆ ಮಾಡಿರಲಿಲ್ಲ.

ಡಿಸೆಂಬರ್

ಬಾಡಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋಮ್ ಅಚ್ಚಿನ ಮೇಲೆ ಗ್ಲಾಸ್ ಬಟ್ಟೆ ಸುತ್ತಿ, ಆಮೇಲೆ ಫೋಮ್ ಕರಗಿಸಿ ತೆಗೆದ ಕೊಳವೆ ಅದು. ಬ್ಯಾಟರಿ ಒಳಗೆ ಜಾರುವಷ್ಟೇ ಜಾಗ. ಬಾಲದಲ್ಲಿ ಎಡಬಲ ತಿರುಗಿಸುವ ರಡರ್ ಇಲ್ಲ, ಮೂತಿಯನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್ ಮಾತ್ರ.

ಮೋಟಾರ್ 130 ಗ್ರಾಂ ತೂಕದ್ದು, 1900 ಕೆವಿ. ಅಂದರೆ ಹೊರೆ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 1900 ಸುತ್ತು. 80 ಆಂಪಿಯರ್ ಇಎಸ್‌ಸಿ, ಅಂದರೆ ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್. ಬ್ಯಾಟರಿ ನಾಲ್ಕು ಸೆಲ್, 2200 ಎಂಎಎಚ್. ವೈರು, ಕನೆಕ್ಟರು, ಹೀಟ್ ಶ್ರಿಂಕು ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲೇ ಸಿಕ್ಕಿತು. ಹಾರಲು ಸಿದ್ಧವಾದಾಗ ಒಟ್ಟು 720 ಗ್ರಾಂ.

ಪ್ರೊಪೆಲ್ಲರ್ ಲೆಕ್ಕ ಹೀಗೆ. ಪಿಚ್ ಅಂದರೆ ಒಂದು ಸುತ್ತಿಗೆ ಅದು ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವುದು. ನಿಮಿಷದ ಸುತ್ತನ್ನು ಪಿಚ್‌ನಿಂದ ಗುಣಿಸಿ, ಅದನ್ನು 0.001524ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. ಎಪಿಸಿ ಕಂಪನಿಯ 6x4 (6 ಇಂಚು ವ್ಯಾಸ, 4 ಇಂಚು ಪಿಚ್) ಹಾಕಿ ಬೆಂಚ್ ಮೇಲೆ ಓಡಿಸಿದರೆ 22,500 ಸುತ್ತು. ಲೆಕ್ಕ ಹಾಕಿದರೆ 137 ಕಿಲೋಮೀಟರ್. ಎಷ್ಟೇ ನಯವಾದ ವಿಮಾನವಾದರೂ ಈ ಪ್ರೊಪೆಲ್ಲರ್‌ನಲ್ಲಿ 200 ಕನಸಿನ ಮಾತು. ಆದರೆ ಎಳೆಯುವ ಬಲ ಸುಮಾರು ಒಂದು ಕೆಜಿ ಇದೆ, ವಿಮಾನದ ತೂಕಕ್ಕಿಂತ ಜಾಸ್ತಿ. ಮೊದಲ ಹಾರಾಟಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

6x5.5 ಹಾಕಿದಾಗ ವಾಟ್ ಮೀಟರ್ 42 ಆಂಪಿಯರ್, 14.4 ವೋಲ್ಟ್ ತೋರಿಸಿತು. 605 ವಾಟ್ ಆಯಿತು. ಪೂರ್ತಿ ಚಾರ್ಜ್ ಆದ ಬ್ಯಾಟರಿ 16.8 ವೋಲ್ಟ್ ಇರುತ್ತದೆ, ಹೊರೆ ಬಿದ್ದ ಕೂಡಲೇ ಇಷ್ಟು ಇಳಿಯುತ್ತದೆ. ಲೆಕ್ಕ ಹಾಕುವಾಗ ಈ ಇಳಿದ ವೋಲ್ಟೇಜನ್ನೇ ಹಿಡಿಯಬೇಕು. ಇನ್ನೊಂದು ವಿಷಯವನ್ನೂ ನೋಡಿಕೊಳ್ಳಿ. ಎಪಿಸಿಯ ತೆಳು ಎಲೆಕ್ಟ್ರಿಕ್ ಪ್ರೊಪೆಲ್ಲರ್‌ಗಳಿಗೆ ಸುತ್ತಿನ ಮಿತಿ 1,45,000ವನ್ನು ಇಂಚಿನ ವ್ಯಾಸದಿಂದ ಭಾಗಿಸಿದಷ್ಟು. 6 ಇಂಚಿಗೆ 24,000 ಚಿಲ್ಲರೆ. ಮಿತಿ ದಾಟಿದ ಪ್ರೊಪೆಲ್ಲರ್ ಒಡೆದರೆ ಚೂರು ಎಲ್ಲಿಗೆ ಬೇಕಾದರೂ ಹಾರುತ್ತದೆ. ಬೆಂಚ್ ಟೆಸ್ಟ್ ಮಾಡುವಾಗ ಅದು ತಿರುಗುವ ನೇರಕ್ಕೆ ಯಾರೂ ನಿಲ್ಲಬಾರದು, ಬದಿಗೂ ನಿಲ್ಲಬಾರದು. ಹಿಂದೆ ನಿಲ್ಲಿ.

ಸಂಕ್ರಾಂತಿ ಆದ ಮೇಲೆ

ಬೆಂಗಳೂರಿನಲ್ಲಿ ಇದನ್ನು ಹಾರಿಸುವ ಮಾತೇ ಇಲ್ಲ. ಜಕ್ಕೂರು, ಯಲಹಂಕ, ಎಚ್‌ಎಎಲ್, ಕೆಂಪೇಗೌಡ ನಿಲ್ದಾಣ, ಸುತ್ತ ನಿಜವಾದ ವಿಮಾನಗಳೇ. 2021ರ ಡ್ರೋನ್ ನಿಯಮಗಳು ನಮ್ಮ ಮಾಡೆಲ್‌ಗಳಿಗೂ ಅನ್ವಯಿಸುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಾರಿಸಬಹುದಾದ ಹಸಿರು ವಲಯ ನೋಡಿಕೊಂಡು ಮಾಲೂರು ಕಡೆ ಹೋಗುತ್ತೇವೆ. ಅಲ್ಲಿ ರಾಗಿ ಕೊಯ್ಲು ಮುಗಿದ ಹೊಲ ಈ ಕಾಲಕ್ಕೆ ಖಾಲಿ. ಕೂಳೆ ಮೇಲೆ ಹೊಟ್ಟೆ ಉಜ್ಜಿಕೊಂಡು ಇಳಿದರೂ ಬಾಡಿಗೆ ಪೆಟ್ಟಾಗುವುದಿಲ್ಲ. ಪ್ರೊಪೆಲ್ಲರ್ ಮಾತ್ರ ಆಗಾಗ ಹೋಗುತ್ತದೆ, ಅದಕ್ಕೇ ಡಬ್ಬದಲ್ಲಿ ಯಾವಾಗಲೂ ನಾಲ್ಕೈದು ಇರಲೇಬೇಕು.

ಅಲ್ಲಿ ಒಂದು ಮಾತು ಯಾವತ್ತೂ ಮರೆಯುವುದಿಲ್ಲ. 720 ಗ್ರಾಂ ಮಾಡೆಲ್ 200 ಕಿಲೋಮೀಟರ್ ವೇಗದಲ್ಲಿದ್ದಾಗ ಅದರಲ್ಲಿರುವ ಶಕ್ತಿ, 145 ಕಿಲೋಮೀಟರ್ ವೇಗದಲ್ಲಿ ಬೌಲರ್ ಎಸೆದ ಕ್ರಿಕೆಟ್ ಚೆಂಡಿನ ಎಂಟು ಪಟ್ಟಿಗೂ ಮಿಗಿಲು. ಹೊಲದಲ್ಲಿ ಕುರಿ ಮೇಯುತ್ತಿದ್ದರೆ ಕಾಯುತ್ತೇವೆ. ಆ ಕಡೆ ದಾರಿಯಲ್ಲಿ ಬೈಕ್ ಬಂದರೂ ಕಾಯುತ್ತೇವೆ.

ಎಸೆಯುವವನು ನನ್ನ ಭಾಮೈದ. "ಭಾವ, ಎಸೀಲಾ?" ಅಂತ ಅವನು ಕೇಳುವ ಹೊತ್ತಿಗೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಗಾಳಿಯ ಸಾಂದ್ರತೆ. ಮಾಲೂರು ಸುತ್ತಮುತ್ತ ಸಮುದ್ರಮಟ್ಟಕ್ಕಿಂತ 850 ಮೀಟರಿಗೂ ಮೇಲಿದೆ. ಹಗಲಲ್ಲಿ 30 ಡಿಗ್ರಿ ಬಿಸಿಲಿದ್ದರೆ ಪುಸ್ತಕದ ಲೆಕ್ಕಕ್ಕಿಂತ ಗಾಳಿ ಸುಮಾರು ಶೇ 14 ತೆಳುವಾಗಿರುತ್ತದೆ. ಟಾಪ್ ಸ್ಪೀಡಿಗೆ ಇದು ಲಾಭ, ಎಳೆತ ಕಡಿಮೆ. ಆದರೆ ಬೀಳದೆ ಹಾರಲು ಬೇಕಾದ ಕನಿಷ್ಠ ವೇಗ ಹೆಚ್ಚುತ್ತದೆ. ನನ್ನ ಮಾಡೆಲ್‌ಗೆ ಅದು 44 ಕಿಲೋಮೀಟರ್ ಹತ್ತಿರ. ಕೈಯಿಂದ ಎಸೆದರೆ ಸಿಗುವುದು 30-35. ಉಳಿದದ್ದನ್ನು ಮೋಟಾರ್ ತುಂಬಿಕೊಡಬೇಕು, ಅದೂ ವಿಮಾನ ನೆಲ ಮುಟ್ಟುವುದರೊಳಗೆ.

6x4ರ ಜೊತೆ ತಕರಾರೇ ಬರಲಿಲ್ಲ. ಎಸೆದ, ಒಂದು ಗೇಣು ತಗ್ಗಿತು, ನೇರ ಹೋಯಿತು. ಸಿಜಿ, ಅಂದರೆ ವಿಮಾನದ ತೂಕ ಸಮತೂಗುವ ಬಿಂದುವನ್ನು, ರೆಕ್ಕೆಯ ಸರಾಸರಿ ಅಗಲದ ಶೇ 20ರಲ್ಲಿ ಇಟ್ಟಿದ್ದೆ. ಎಲಿವೇಟರ್ ಚಲನೆ ಮೇಲೆ 3 ಮಿಮೀ, ಕೆಳಗೆ 3 ಮಿಮೀ. ಕೇಳಿದರೆ ಕಡಿಮೆ ಅನ್ನಿಸುತ್ತದೆ, ಆದರೆ ಈ ವೇಗಕ್ಕೆ ಬೇಕಾದಷ್ಟಾಯಿತು. ಎರಡು ಕ್ಲಿಕ್ ಟ್ರಿಮ್ ಹಾಕಿದ ಮೇಲೆ ಕೈ ಬಿಟ್ಟರೂ ಗೆರೆ ಎಳೆದ ಹಾಗೆ ಹೋಗುತ್ತಿತ್ತು.

ಫೆಬ್ರವರಿ ಕೊನೆ

ಈಗ ಅಳತೆಯ ವಿಷಯ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಜಿಪಿಎಸ್ ಇಟ್ಟರೆ ತೂಕ ಕೂಡುತ್ತದೆ. ಅದಕ್ಕಿಂತ ಸುಲಭದ ದಾರಿ ಶಬ್ದ. ಫೋನನ್ನು ಹೊಲದ ಬದುವಿನ ಮೇಲೆ ಇಟ್ಟು ರೆಕಾರ್ಡಿಂಗ್ ಒತ್ತಿ, ಅದರ ಮೇಲೇ ಹಾದುಹೋಗುವಂತೆ ವಿಮಾನ ಹಾರಿಸಿ. ಹತ್ತಿರ ಬರುವಾಗ ಪ್ರೊಪೆಲ್ಲರ್ ಶಬ್ದ ಕೀರಲು, ದೂರ ಹೋಗುವಾಗ ದಪ್ಪ. ರೈಲಿನ ಹಾರ್ನ್‌ನಲ್ಲಿ ಕೇಳುತ್ತೇವಲ್ಲ, ಅದೇ ಡಾಪ್ಲರ್ ಪರಿಣಾಮ. ಆ ರೆಕಾರ್ಡಿಂಗನ್ನು ಕಂಪ್ಯೂಟರಿನಲ್ಲಿ ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಎರಡೂ ಕಡೆಯ ಆವರ್ತನ ಓದಿ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ, ಶಬ್ದದ ವೇಗದಿಂದ ಗುಣಿಸಿ. ಅಷ್ಟೇ! 30 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 349 ಮೀಟರ್.

6x5.5ರಲ್ಲಿ ಬರುವಾಗ 895 ಹರ್ಟ್ಸ್, ಹೋಗುವಾಗ 671. ವ್ಯತ್ಯಾಸ 224, ಮೊತ್ತ 1566. ಲೆಕ್ಕ ಹಾಕಿದರೆ ಸೆಕೆಂಡಿಗೆ 49.9 ಮೀಟರ್, ಅಂದರೆ ಗಂಟೆಗೆ 180 ಕಿಲೋಮೀಟರ್. ಇದೇ ರೆಕಾರ್ಡಿಂಗಿನಿಂದ ಇನ್ನೊಂದು ಉತ್ತರವೂ ಸಿಗುತ್ತದೆ. ಎರಡೂ ಆವರ್ತನಗಳ ಗುಣಲಬ್ಧವನ್ನು ಎರಡರಿಂದ ಗುಣಿಸಿ, ಮೊತ್ತದಿಂದ ಭಾಗಿಸಿದರೆ 767 ಹರ್ಟ್ಸ್. ಅದು ವಿಮಾನದ ಮೇಲೇ ಕೂತು ಕೇಳಿದರೆ ಕೇಳಿಸುವ ಶಬ್ದ. ಎರಡು ಎಸಳಿನ ಪ್ರೊಪೆಲ್ಲರ್ ಆದ್ದರಿಂದ ಎರಡರಿಂದ ಭಾಗಿಸಿ, 60ರಿಂದ ಗುಣಿಸಿ. ಗಾಳಿಯಲ್ಲಿ ನಿಮಿಷಕ್ಕೆ 23,000 ಸುತ್ತು ಅಂತಾಯಿತು. ಬೆಂಚ್ ಮೇಲೆ ಇದ್ದದ್ದು 21,600. ಗಾಳಿಯಲ್ಲಿ ಹೊರೆ ಇಳಿದು ಸುತ್ತು ಏರಿದೆ.

ಇಲ್ಲಿಂದ ಮುಂದಿನ ಹೆಜ್ಜೆ ಸ್ಪಷ್ಟ. 23,000 ಸುತ್ತಿಗೆ 5.5 ಪಿಚ್‌ನ ವೇಗ 193. ವಿಮಾನ ಆಗಲೇ 180ರಲ್ಲಿದೆ. ಅಂದರೆ ಅದಕ್ಕೆ ಇನ್ನೂ ಓಡುವ ತಾಕತ್ತಿದೆ, ಪ್ರೊಪೆಲ್ಲರ್ ಬಿಡುತ್ತಿಲ್ಲ. ಪಿಚ್ ಹೆಚ್ಚಬೇಕು, ಹೊರೆ ಹೆಚ್ಚದಂತೆ ವ್ಯಾಸ ಇಳಿಯಬೇಕು. 5.25x6.25 ತರಿಸಿದೆ. ಮೋಟಾರ್ ಅದೇ, ಬ್ಯಾಟರಿಯೂ ಅದೇ.

ಬೆಂಚ್ ಮೇಲೆ ಇದರ ಆಂಪಿಯರ್ 34ಕ್ಕೆ ಇಳಿಯಿತು. ಆದರೆ ಎಳೆಯುವ ಬಲ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇಷ್ಟು ಕಡಿದಾದ ಎಸಳು ನಿಂತಲ್ಲಿ ಗಾಳಿಯನ್ನು ಹಿಡಿಯುವುದಿಲ್ಲ, ಬರೀ ಗಲಾಟೆ ಮಾಡುತ್ತದೆ. ವೇಗ ಬಂದ ಮೇಲೆ ಕಚ್ಚಿಕೊಳ್ಳುತ್ತದೆ. ಕೈಯಿಂದ ಎಸೆಯುವುದು ಇದಕ್ಕೆ ಆಗುವುದಿಲ್ಲ. ಹಾಗಾಗಿ 10 ಮೀಟರ್ ರಬ್ಬರ್ ಟ್ಯೂಬ್, 20 ಮೀಟರ್ ನೈಲಾನ್ ಹಗ್ಗ ಸೇರಿಸಿ ನೆಲಕ್ಕೆ ಗೂಟ ಹೊಡೆದು, ಸಿಜಿಗಿಂತ ಸ್ವಲ್ಪ ಮುಂದೆ ಹೊಟ್ಟೆಯಡಿ ಕೊಕ್ಕೆ ಇಟ್ಟೆ. ಹಗ್ಗ ಕಳಚುವ ತನಕ ಥ್ರಾಟಲ್ ಮುಟ್ಟಬಾರದು. ಟ್ರಾನ್ಸ್‌ಮಿಟರಿನಲ್ಲಿ ಅದಕ್ಕೇ ಬೇರೆ ಸ್ವಿಚ್ ಇಟ್ಟಿದ್ದೇನೆ.

ಹಗ್ಗ ಕಳಚಿತು, ಥ್ರಾಟಲ್ ಕೊಟ್ಟೆ, ಮೊದಲು ಎಳೆದೂ ಎಳೆಯದ ಹಾಗೆ ಗೊರಗೊರ ಅಂದಿತು. ಆಮೇಲೆ ಒಂದೇ ಸಲ ಶಬ್ದ ಬದಲಾಯಿತು. ಗೊರಗೊರ ನಿಂತು ಸೀಳಿದ ಹಾಗೆ ತೆಳು ಸದ್ದು. ಹೊಲದ ಯಜಮಾನರು ಬದುವಿನ ಮೇಲೆ ನಿಂತಿದ್ದರು. "ಏನ್ ಸಾರ್, ಈ ಕಡೆ ನೋಡೋಷ್ಟ್ರಲ್ಲಿ ಆ ಕಡೆ ಹೋಯ್ತಲ್ಲ!" ಅಂದರು.

ರೆಕಾರ್ಡಿಂಗಿನಲ್ಲಿ ಬರುವಾಗ 953, ಹೋಗುವಾಗ 689. ಸೆಕೆಂಡಿಗೆ 56 ಮೀಟರ್, ಗಂಟೆಗೆ 202 ಕಿಲೋಮೀಟರ್. ಸುತ್ತು 24,000ದ ಹತ್ತಿರ. ಗಾಳಿಯ ಎದುರು ಒಂದು, ಗಾಳಿಯ ಜೊತೆ ಒಂದು, ಎರಡರ ಸರಾಸರಿಯೂ 200ರ ಮೇಲೇ ಇದೆ. ಪ್ರೊಪೆಲ್ಲರ್ ಬಿಟ್ಟು ಬೇರೇನೂ ಬದಲಿಸದೆ ಬಂದ ವೇಗ ಇದು, ಬೆಂಚ್ ಮೇಲೆ ಅಳೆದ ಆಂಪಿಯರೂ ಕಡಿಮೆ. ಇಳಿದ ಮೇಲೆ ಮೋಟಾರ್ ಮೇಲೆ ಬೆರಳಿಟ್ಟರೆ ತಡೆಯುವಷ್ಟೇ ಬಿಸಿ. ಸೆಲ್‌ಗಳು 3.75 ವೋಲ್ಟ್‌ನಲ್ಲಿದ್ದವು. ಮೂರು ನಿಮಿಷದ ಟೈಮರ್ ಸರಿಯಾಗಿದೆ.

ಎಡ ಐಲೆರಾನ್ ಸರ್ವೊ ಗೇರಿನಲ್ಲಿ ಕಾಗದದ ದಪ್ಪದಷ್ಟು ಅಲುಗಾಟ ಬಂದಿದೆ. ಮುಂದಿನ ಹಾರಾಟಕ್ಕೆ ಮೊದಲು ಅದನ್ನು ಬದಲಿಸುತ್ತೇನೆ. ಈ ವೇಗದಲ್ಲಿ ಫ್ಲಟರ್, ಅಂದರೆ ಪಟಪಟ ನಡುಕ, ಶುರುವಾಗಲು ಅಷ್ಟು ಸಡಿಲ ಸಾಕು. ಒಂದು ಸಲ ಶುರುವಾದರೆ ಕಣ್ಣು ಮಿಟುಕಿಸುವುದರೊಳಗೆ ಐಲೆರಾನ್ ಕಿತ್ತು ಬರುತ್ತದೆ.

ಆರು ಸೆಲ್ ಹಾಕು ಅಂತ ಭಾಮೈದ ಹೇಳುತ್ತಿದ್ದಾನೆ. 200ರಿಂದ 240ಕ್ಕೆ ಹೋಗಲು ಮುಕ್ಕಾಲು ಪಾಲು ಹೆಚ್ಚು ಪವರ್ ಬೇಕು, ಹಾಗಾಗಿ ಒಂದಲ್ಲ ಒಂದು ದಿನ ಆರು ಸೆಲ್ ಬೇಕೇ ಬೇಕು. ಅದಕ್ಕೆ ಮೊದಲು ಬಾಡಿಯ ಅಡ್ಡಳತೆ ಇಳಿಸುತ್ತೇನೆ. ಈಗಿನದರ ಅಗಲ 48 ಮಿಮೀ. ಬ್ಯಾಟರಿಯನ್ನು ಎರಡು ತೆಳು ಪ್ಯಾಕ್ ಮಾಡಿ ಒಂದರ ಹಿಂದೆ ಒಂದು ಇಟ್ಟರೆ 40ಕ್ಕೆ ಬರುತ್ತದೆ. ಸರ್ವೊ ಕಡ್ಡಿಗಳು ಈಗ ರೆಕ್ಕೆಯಡಿ ಹೊರಗೆ ಕಾಣುತ್ತಿವೆ, ಅವನ್ನೂ ಒಳಗೆ ಸೇರಿಸಬೇಕು. ಹೊಸ ಅಚ್ಚಿನ ಫೋಮ್ ಕತ್ತರಿಸಿ ಆಗಿದೆ. ಮಳೆ ಶುರುವಾಗಿ ಹೊಲ ಉಳುವುದರೊಳಗೆ ಇದೇ ಮೋಟಾರ್, ಇದೇ 5.25x6.25 ಹಾಕಿ ಅಳೆಯುತ್ತೇನೆ. ಬಾಡಿ ಸಣ್ಣದಾದದ್ದರಿಂದ ಎಷ್ಟು ಕಿಲೋಮೀಟರ್ ಸಿಕ್ಕಿತು ಅನ್ನುವುದು ಆಗ ಬೇರೆಯಾಗಿ ಗೊತ್ತಾಗುತ್ತದೆ.