ಎರಡು ತಲೆಯ ಹದ್ದು

ಬೆಳಗ್ಗೆ ಕಾಫಿ ಹೊತ್ತಿಗೆ ತಂಗಿ ಟರ್ಕಿಯ ಎರ್ಜುರುಮ್‌ನಿಂದ ಒಂದು ಫೋಟೋ ಕಳಿಸಿದಳು. "ಅಕ್ಕಾ, ನಮ್ಮ ಗಂಡಭೇರುಂಡ ಇಲ್ಲೂ ಇದೆ ನೋಡೇ!"

ಜೂಮ್ ಮಾಡಿದೆ. ಚಿಫ್ತೆ ಮಿನಾರೆಲಿ, ಅಂದರೆ ಜೋಡಿ ಮಿನಾರಿನ ಮದರಸಾ. 13ನೇ ಶತಮಾನದ ಕೊನೆಯ ಭಾಗದ್ದು. ಬಾಗಿಲ ಬಲಕ್ಕೆ ಕಲ್ಲಲ್ಲಿ ಒಂದು ಮರ. ತುದಿಯಲ್ಲಿ ಎರಡು ತಲೆಯ ಹದ್ದು. ಬುಡದಲ್ಲಿ ಎರಡು ಡ್ರ್ಯಾಗನ್. ಮೊದಲು ಹಾವು ಅಂದುಕೊಂಡೆ.

ಸುಮ್ನೆ ಅಂದಕ್ಕೆ ಕೆತ್ತಿದ್ದಲ್ಲ ಅದು. ತುರ್ಕರು ಮುಸ್ಲಿಮರಾಗುವ ಮೊದಲು, ಮಧ್ಯ ಏಷ್ಯಾದ ಹುಲ್ಲುಗಾವಲಲ್ಲಿ ಕುದುರೆ ಮೇಲೆ ಓಡಾಡುತ್ತಿದ್ದಾಗ, ಅವರ ಲೋಕದ ನಟ್ಟನಡುವೆ ಒಂದು ಮರ ಇತ್ತು. ಬೇರು ಪಾತಾಳಕ್ಕೆ, ಕೊಂಬೆ ಆಕಾಶಕ್ಕೆ. ಮಂತ್ರವಾದಿ ಆ ಮರ ಹತ್ತಿಯೇ ಮೇಲಿನ ಲೋಕಕ್ಕೆ ಹೋಗಬೇಕು. ದಾರಿಗೆ ಜೊತೆ ಹದ್ದು. ಸೈಬೀರಿಯಾ ಕಡೆ ಕೆಲವರು, ಇನ್ನೂ ಹುಟ್ಟದ ಮಕ್ಕಳ ಜೀವ ಹಕ್ಕಿಗಳಾಗಿ ಆ ಕೊಂಬೆಗಳಲ್ಲಿ ಕೂತು ಕಾಯುತ್ತವೆ ಅಂತ ನಂಬಿದ್ದರು. ಈ ಮಾತು ಓದಿ ಕಾಫಿ ಆರಿಹೋಯಿತು.

ತುರ್ಕರು ಎಷ್ಟು ದೂರ ಬಂದರು, ದೇವರನ್ನು ಕರೆಯುವ ಹೆಸರೂ ಬದಲಾಯಿತು. ಮರವನ್ನು ಮಾತ್ರ ಬಿಟ್ಟು ಬರಲಿಲ್ಲ. ಕುರಾನ್ ಕಲಿಸುವ ಶಾಲೆಯ ಬಾಗಿಲಲ್ಲೇ ನೆಟ್ಟರು. ನನಗೆ ಇದು ತುಂಬಾ ಇಷ್ಟವಾಯಿತು.

ಇನ್ನೊಂದು. ಬಾಗಿಲ ಎಡಕ್ಕೆ ಇದರ ಜೋಡಿ ಕೆತ್ತನೆ ಅರ್ಧಕ್ಕೇ ನಿಂತಿದೆ. ಮರ ಇದೆ, ಹದ್ದು ಬಂದಿಲ್ಲ. ಏಳುನೂರು ವರ್ಷದಿಂದ ಖಾಲಿ ತುದಿ.

ಅದರ ಫೋಟೋನೂ ಕಳಿಸೇ ಅಂದಿದ್ದೇನೆ. ಅಲ್ಲಿ ಹಿಮ ಬೀಳ್ತಿದೆಯಂತೆ, ನಿಂತ ಮೇಲೆ ಹೋಗ್ತೀನಿ ಅಂದಳು.